ಹಿಟ್ಟು ರಾತ್ರಿ, ದೋಸೆ ಟೋಕನ್ ಬಂದ ಮೇಲೆ

ನಾನು ಆರ್ಕಿಟೆಕ್ಟ್ ಅಂತ ಗೊತ್ತಾದ ಕೂಡಲೇ ನೆಂಟರು 30-40 ಸೈಟಿಗೆ ಒಂದು ಪ್ಲಾನ್ ಹಾಕ್ಕೊಡಪ್ಪ ಅಂತಾರೆ. ನಂದು ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಐಟಿಯಲ್ಲಿರುವವರಿಗೂ ಇದು ಅಷ್ಟಕ್ಕಷ್ಟೇ. ದೊಡ್ಡ ಕಂಪನಿ ಅಂದಮೇಲೆ ನೂರಾರು ಸಾಫ್ಟ್‌ವೇರ್‌ಗಳಿರುತ್ತವೆ. ಯಾವುದು ಯಾವುದರ ಜತೆ ಮಾತಾಡಬೇಕು, ಗ್ರಾಹಕರ ಮಾಹಿತಿ ಎಲ್ಲಿರಬೇಕು, ಯಾವ ಹಳೇ ಸಿಸ್ಟಮ್ಮನ್ನು ಯಾವಾಗ ಮನೆಗೆ ಕಳಿಸಬೇಕು ಅಂತ ಇಡೀ ಕಂಪನಿಯ ಲೆಕ್ಕದಲ್ಲಿ ಯೋಚಿಸೋದು ನಮ್ಮ ಕೆಲಸ.

ಈ ಕಸುಬಿನ ಬೇರು ಹುಡುಕಿದರೆ ಸಿಗೋದು ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್ 1987ರಲ್ಲಿ ಬರೆದ ಒಂದು ಲೇಖನ. ಅದು ಮುಂದೆ ಬೆಳೆದು ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಯಾಕೆ ಅನ್ನೋ ಪ್ರಶ್ನೆಗಳ ದೊಡ್ಡ ಚೌಕಟ್ಟಾಯಿತು. ಚೌಕಾಬಾರದ ಥರ ಮನೆಗಳು. 1995ರಲ್ಲಿ ಟೋಗಾಫ್ ಬಂತು, ಅದರ ಹಿಂದೆ ಸರ್ಟಿಫಿಕೇಟುಗಳೂ ಬಂದವು. ಚೌಕಟ್ಟಿನಲ್ಲಿ ತಪ್ಪೇನಿಲ್ಲ. ಆದರೆ ಎಲ್ಲ ಮನೆ ತುಂಬಿಸೋದೇ ಆಟ ಅಂದುಕೊಂಡ ಆಫೀಸುಗಳು ಬಹಳ.

ಆರು ವರ್ಷ ಕೋಡ್ ಬರೆದು ನಾನು ಈ ತಂಡಕ್ಕೆ ಬಂದೆ. ಕಂಪನಿ ವಿಮೆಯದ್ದು, ಹೆಸರು ಬೇಡ. ಇಲ್ಲಿ ರಿವ್ಯೂ ಬೋರ್ಡ್ ವಾರ ಬಿಟ್ಟು ವಾರ ಗುರುವಾರ ಸೇರುತ್ತಿತ್ತು. ಯಾವ ಟೀಮ್ ಹೊಸದೇನು ಮಾಡಬೇಕಾದರೂ ನಲವತ್ತು ಸ್ಲೈಡಿನ ಪಿಪಿಟಿ ತರಬೇಕು. ಒಂದು ಸ್ಲೈಡ್ ಕಮ್ಮಿಯಾದರೆ ಮುಂದಿನ ಗುರುವಾರ, ಅಂದರೆ ಇನ್ನೆರಡು ವಾರ. ಹೊಸಬನಾದ್ದರಿಂದ ಕುತೂಹಲಕ್ಕೆ ಒಂದು ವಿನಂತಿಯ ಜಾಡು ಹಿಡಿದು ದಿನ ಎಣಿಸಿದೆ. ಹೊರಟು ಉತ್ತರ ಕೈಸೇರಲು 43 ದಿನ. ಅದರಲ್ಲಿ ಯಾರೋ ನಿಜವಾಗಿ ಕೂತು ಯೋಚಿಸಿದ್ದು ಒಂದೂವರೆ ದಿನ. ಉಳಿದಿದ್ದೆಲ್ಲ ಕಾಯೋದು.

ಲೀನ್ ಅನ್ನೋ ಮಾತು ನನಗೆ ಪುಸ್ತಕದ ಬದನೆಕಾಯಿಯಾಗಿ ಉಳಿಯದೇ ಇದ್ದಿದ್ದು ಈ ಲೆಕ್ಕದಿಂದ. ಟೊಯೋಟಾದ ತೈಚಿ ಓನೋ ಕಾರ್ಖಾನೆಯಲ್ಲಿ ಏಳು ಬಗೆಯ ದಂಡ ಗುರುತಿಸಿದ್ದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಸೋದು, ಕಾಯೋದು, ಸುಮ್ಮನೆ ಸಾಗಿಸೋದು, ಅತಿಯಾಗಿ ತಿದ್ದೋದು, ದಾಸ್ತಾನು, ಅನವಶ್ಯಕ ಓಡಾಟ, ಕೆಟ್ಟ ಮಾಲು. ಇವುಗಳಲ್ಲಿ ಮೊದಲನೆಯದೇ ಕೆಟ್ಟದ್ದು, ಉಳಿದವನ್ನು ಅದೇ ಹೆರುತ್ತೆ ಅನ್ನೋದು ಅವರ ನಿಲುವು. ಟೊಯೋಟಾ ನಮಗೇನು ದೂರದ್ದಲ್ಲ. ಮೈಸೂರಿಗೆ ಹೋಗ್ತಾ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸ್ತೀವಲ್ಲ, ಅಲ್ಲೇ ಪಕ್ಕದಲ್ಲಿದೆ ಅವರ ಕಾರ್ಖಾನೆ.

ನಮ್ಮ ದಾಸ್ತಾನು ಯಾವುದು? ಶೇರ್ಡ್ ಫೋಲ್ಡರಿನಲ್ಲಿ ಮಲಗಿದ್ದ ನಕ್ಷೆಗಳು. ‘ಈಗಿನ ಸ್ಥಿತಿ’ ಅಂತ ಬರೆದ ನಕ್ಷೆ ಮುಗಿಯೋ ಹೊತ್ತಿಗೆ ಅದು ಹಿಂದಿನ ಸ್ಥಿತಿ ಆಗಿರುತ್ತಿತ್ತು. ಆದರೂ ಹಳಸಿದ ನಕ್ಷೆ ಅಷ್ಟೇನೂ ಹಾನಿ ಮಾಡಲ್ಲ, ಯಾರೂ ತೆರೆಯೋದೇ ಇಲ್ಲವಲ್ಲ. ಹಾನಿ ಮಾಡೋದು ಆ ಕಾಯುವಿಕೆ.

ಹೇಗೆ ಅಂತೀರಾ? ಕ್ಲೇಮ್ ಟೀಮಿನವರಿಗೆ ಗ್ರಾಹಕರ ಮೊಬೈಲ್ ನಂಬರ್ ಬೇಕಿತ್ತು. ಅದಕ್ಕೆ ಎಲ್ಲರಿಗೂ ಸೇರಿದ ಒಂದೇ ದಾಖಲೆ ಇದೆ, ಅಲ್ಲಿಂದಲೇ ತಗೋಬೇಕು ಅನ್ನೋದು ನಮ್ಮ ನಿಯಮ. ತಗೊಳ್ಳೋಕೆ ಬೋರ್ಡಿನ ಒಪ್ಪಿಗೆ ಬೇಕು. ಅವರ ರಿಲೀಸ್ ಇದ್ದಿದ್ದು ಮೂರು ವಾರಕ್ಕೆ. ‘ಸದ್ಯಕ್ಕೆ’ ಅಂತ ಒಂದು ಕಾಪಿ ಹೊಡೆದು ತಮ್ಮ ಹತ್ತಿರವೇ ಇಟ್ಟುಕೊಂಡರು. ನಮ್ಮಲ್ಲಿ ಸದ್ಯಕ್ಕೆ ಅಂತ ಮಾಡಿದ್ದರ ಆಯಸ್ಸು ನಿಮಗೂ ಗೊತ್ತು. ಮುಂದೆ ಯಾವಾಗಲೋ ಗಂಡನನ್ನು ಕಳಕೊಂಡ ಒಬ್ಬ ಹೆಂಗಸು ಬ್ರಾಂಚಿಗೆ ಹೋಗಿ ತನ್ನ ನಂಬರ್ ಕೊಟ್ಟು ಬಂದರು. ಅದು ಮೂಲ ದಾಖಲೆಯಲ್ಲಿ ಸರಿಯಾಗಿ ಕೂತಿತು. ಕ್ಲೇಮ್‌ನ ಓಟಿಪಿ ಮಾತ್ರ ಕಾಪಿಯಲ್ಲಿದ್ದ ನಂಬರಿಗೆ, ತೀರಿಹೋದವರ ಸ್ವಿಚ್ ಆಫ್ ಆದ ಫೋನಿಗೆ ಹೋಗುತ್ತಲೇ ಇತ್ತು. ಆಕೆ ನಾಲ್ಕು ಸಲ ಕಸ್ಟಮರ್ ಕೇರಿಗೆ ಫೋನ್ ಮಾಡಿದ್ದಾರೆ. ನಾಲ್ಕನೇ ಕರೆಯ ರೆಕಾರ್ಡಿಂಗ್ ಕೇಳಿದೆ. ಜಗಳ ಆಡಿಲ್ಲ, ‘ಅವರ ಫೋನು ಬೀರುವಿನಲ್ಲಿದೆ, ಚಾರ್ಜಿಗೆ ಹಾಕಲಾ?’ ಅಂತ ಕೇಳಿದ್ದಾರೆ, ಅಷ್ಟೇ.

ಮಾಹಿತಿ ಚೂರುಚೂರಾಗದಂತೆ ನೋಡಿಕೊಳ್ಳೋಕೆ ಅಂತಲೇ ಇದ್ದ ಬೋರ್ಡು ತನ್ನ ನಿಧಾನದಿಂದಲೇ ಅದನ್ನು ಚೂರು ಮಾಡಿತ್ತು.

ಇದನ್ನು ಕೇಳಿದ ಕೆಲವರು ಹಾಗಾದರೆ ಬೋರ್ಡೇ ಬೇಡ ಬಿಡಿ ಅಂದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯ ಜತೆಗಿನ ತತ್ವಗಳಲ್ಲಿ, ಒಳ್ಳೆಯ ಆರ್ಕಿಟೆಕ್ಚರ್ ಮೂಡೋದು ತಮ್ಮನ್ನು ತಾವೇ ನಡೆಸಿಕೊಳ್ಳುವ ತಂಡಗಳಿಂದ ಅನ್ನೋ ಮಾತಿದೆ, ನಿಜ. ಆದರೆ ಒಂದು ತಂಡದೊಳಗೆ ಮೂಡೋದು ಎಂಬತ್ತು ತಂಡಗಳ ನಡುವೆ ತಾನಾಗಿ ಮೂಡಲ್ಲ. ನಂಬರಿನ ಕಾಪಿ ಹೊಡೆದ ತಂಡವೂ ತನ್ನನ್ನು ತಾನೇ ನಡೆಸಿಕೊಂಡಿತ್ತು ಅಲ್ಲವಾ!

ನಾನು ಇದಕ್ಕೆ ದರ್ಶಿನಿ ಲೆಕ್ಕ ಹೇಳ್ತೀನಿ. ದೋಸೆ ಟೋಕನ್ ಬಂದ ಮೇಲೇ ಹುಯ್ಯೋದು. ಬೆಳಿಗ್ಗೆ ಆರಕ್ಕೇ ಇನ್ನೂರು ದೋಸೆ ಹುಯ್ದು ಪೇರಿಸಿಟ್ಟರೆ ಯಾರು ತಿಂತಾರೆ? ಆದರೆ ಹಿಟ್ಟನ್ನು ಟೋಕನ್ ಬಂದ ಮೇಲೆ ರುಬ್ಬೋಕೆ ಆಗಲ್ಲ. ಅದು ಹಿಂದಿನ ರಾತ್ರಿಯೇ ಆಗಬೇಕು, ಹುಳಿ ಬರೋಕೆ ಹೊತ್ತು ಬೇಕು. ಮೇರಿ ಮತ್ತು ಟಾಮ್ ಪೊಪೆಂಡೀಕ್ ದಂಪತಿ 2003ರ ತಮ್ಮ ಪುಸ್ತಕದಲ್ಲಿ ತೀರ್ಮಾನಗಳನ್ನು ಆದಷ್ಟು ತಡವಾಗಿ ಮಾಡಿ ಅಂದಿದ್ದು ದೋಸೆಗೆ ಸರಿ. ಗ್ರಾಹಕರನ್ನು ಗುರುತಿಸುವ ಐಡಿ ಯಾವುದು, ಅವರ ಮಾಹಿತಿಗೆ ಯಜಮಾನರು ಯಾರು, ಲಾಗಿನ್ ಮತ್ತು ಭದ್ರತೆ ಹೇಗೆ, ಇವು ಹಿಟ್ಟು. ಆಮೇಲೆ ಬದಲಾಯಿಸೋಕೆ ವರ್ಷಗಟ್ಟಲೆ ಹಿಡಿಯುವಂಥವು. ಯಾವ ಡೇಟಾಬೇಸ್, ಯಾವ ಫ್ರೇಮ್‌ವರ್ಕ್ ಅನ್ನೋದರಲ್ಲಿ ಹೆಚ್ಚಿನವು ದೋಸೆ. ನಮ್ಮ ಬೋರ್ಡ್ ದೋಸೆಯ ಗಾತ್ರ ಚರ್ಚಿಸುತ್ತಾ ಕೂತಿತ್ತು, ಹಿಟ್ಟಿನ ಕಡೆ ಯಾರೂ ನೋಡಿರಲಿಲ್ಲ.

ಪಿಪಿಟಿ ಹೋಯಿತು. ಬದಲಿಗೆ ಒಂದೇ ಪುಟ: ಪರಿಸ್ಥಿತಿ ಏನು, ತೀರ್ಮಾನ ಏನು, ಅದು ಯಾವ ಹಂತದಲ್ಲಿದೆ, ಅದರಿಂದ ಆಗೋ ಒಳ್ಳೇದು ಕೆಟ್ಟದ್ದೇನು. ಮೈಕೆಲ್ ನೈಗಾರ್ಡ್ 2011ರಲ್ಲಿ ಕೊಟ್ಟ ಮಾದರಿ ಇದು, ಕೋಡ್ ಇರುವ ಕಡೆಯೇ ಇರುತ್ತದೆ. ಎರಡು ದಿನದೊಳಗೆ ಉತ್ತರ. ಪಾಸ್‌ವರ್ಡ್ ಕೋಡಿನಲ್ಲಿ ಬರೆಯಬೇಡಿ ಅನ್ನುವಂಥ ನಿಯಮಗಳನ್ನು ಬಿಲ್ಡ್ ಆಗುವಾಗ ಮೆಷೀನೇ ನೋಡಲಿ ಅಂತ ಬಿಟ್ಟೆವು. ದೊಡ್ಡ ಪ್ರಶ್ನೆಗಳಿಗೆ ಗೋಡೆ ಮೇಲೆ ಐದೇ ಚೀಟಿ; ಆರನೆಯದು ಬರಬೇಕಾದರೆ ಒಂದು ಇಳಿಯಬೇಕು. ದಿನವೂ ಪ್ರತಿ ಚೀಟಿಯ ವಯಸ್ಸು ಬರೆಯೋದು.

ಎಲ್ಲರಿಗೂ ಇದು ಸುಲಭವಾಗಲಿಲ್ಲ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಹಿರಿಯರೊಬ್ಬರಿದ್ದಾರೆ. ಕಾಫಿ ಮಷಿನ್ ಹತ್ತಿರ ಸಿಕ್ಕಿ, ‘ಅಲ್ಲಯ್ಯ, ಇನ್ನು ಮೇಲೆ ನನ್ನ ಕೆಲಸ ಏನು ಹೇಳು’ ಅಂದರು. ತಮಾಷೆಗೆ ಕೇಳಿರಲಿಲ್ಲ. ಸಾಲ, ಮಗಳ ಓದು ಎಲ್ಲ ಇತ್ತು ಆ ಪ್ರಶ್ನೆಯಲ್ಲಿ. ‘ಒಂದು ವಾರ ಕ್ಲೇಮ್ ಟೀಮಲ್ಲಿ ಕೂತ್ಕೊಳ್ಳಿ ಸರ್, ನಾನೂ ಬರ್ತೀನಿ’ ಅಂದೆ. ಓನೋ ತಮ್ಮ ಕೈಕೆಳಗಿನವರನ್ನು ಸೀಮೆಸುಣ್ಣದ ವೃತ್ತದೊಳಗೆ ನಿಲ್ಲಿಸಿ ಗಂಟೆಗಟ್ಟಲೆ ನೋಡು ಅನ್ನುತ್ತಿದ್ದರಂತೆ. ನಮಗೆ ಕುರ್ಚಿ ಆದರೂ ಇತ್ತು. ಮೂರನೇ ದಿನ ಒಬ್ಬ ಹುಡುಗಿ ಒಂದು ಹಳೇ ಫೀಲ್ಡ್ ತೋರಿಸಿ ಇದನ್ನು ಅಳಿಸಿಬಿಡ್ತೀನಿ ಅಂದಳು. ಅವರು ತಡೆದರು. ಅದನ್ನು ಯಾರು, ಯಾವ ಆಡಿಟ್‌ಗೋಸ್ಕರ ಸೇರಿಸಿದ್ದು, ಇವತ್ತಿಗೂ ತಿಂಗಳ ಕೊನೆಗೆ ಯಾವ ರಿಪೋರ್ಟ್ ಅದನ್ನು ಓದುತ್ತೆ, ಎಲ್ಲ ಹೇಳಿದರು. ಯಾವ ನಕ್ಷೆಯಲ್ಲೂ ಇಲ್ಲದ್ದು. ಈಗ ಟೀಮುಗಳು ಅವರನ್ನೇ ಹುಡುಕಿಕೊಂಡು ಬರ್ತವೆ. ಅವರ ಕ್ಯಾಲೆಂಡರಿನಲ್ಲಿ ಜಾಗ ಸಿಗಲ್ಲ.

ಒಂದು ಚೀಟಿ ಮಾತ್ರ ಇಳಿಯುತ್ತಿಲ್ಲ. ಗ್ರಾಹಕರ ಮೊಬೈಲ್ ನಂಬರಿಗೆ ಯಜಮಾನರು ಯಾರು, ಪಾಲಿಸಿ ಮಾರುವ ವಿಭಾಗವೋ, ಕ್ಲೇಮ್ ವಿಭಾಗವೋ? ಸಂಸ್ಥೆಯೊಳಗೆ ಯಾರು ಯಾರ ಜತೆ ಮಾತಾಡ್ತಾರೋ ಅದೇ ಆಕಾರ ಅದು ಕಟ್ಟುವ ಸಿಸ್ಟಮ್ಮಿಗೂ ಬರುತ್ತೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ನಮ್ಮಲ್ಲಿ ಆ ಎರಡು ವಿಭಾಗಕ್ಕೆ ಇಬ್ಬರು ಮುಖ್ಯಸ್ಥರು, ಎರಡು ಬಜೆಟ್. ಆ ಹೆಂಗಸಿನ ದುಡ್ಡು ಕೊನೆಗೂ ಕೈಸೇರಿತು, ಒಬ್ಬರು ಕೈಯಾರೆ ನಂಬರ್ ತಿದ್ದಿದ್ದರಿಂದ. ಕಾಪಿ ಇನ್ನೂ ಹಾಗೇ ಇದೆ. ಚೀಟಿಗೆ ಈಗ ಹನ್ನೊಂದು ವಾರ. ಅಂಟು ಹೋಗಿ ಎರಡು ಸಲ ಕೆಳಗೆ ಬಿದ್ದಿತ್ತು, ಮೊನ್ನೆ ಸೆಲ್ಲೋಟೇಪ್ ಹಾಕಿದೀವಿ.