ನೀರಿನ ಮೇಲಿನ ಅಪವಾದ

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಕಪ್ಪು ಉಣ್ಣೆಯ ಕೋಟಿದೆ. ನಮ್ಮ ತಂದೆಯವರು ತಮ್ಮ ಮದುವೆಗೆಂದು ಹೊಲಿಸಿದ್ದು. ವರ್ಷವೆಲ್ಲ ನುಸಿಗುಳಿಗೆಗಳ ಸಂಗಡ ಮಲಗಿದ್ದು, ಮದುವೆ ಮುಂಜಿಗಳ ದಿನ ಮಾತ್ರ ಎದ್ದು ಬರುತ್ತಿದ್ದ ಆ ಕೋಟು ಈಗ ಎಂಟು ವರ್ಷದ ನನ್ನ ತಮ್ಮನಿಗೂ ಬಿಗಿ. ಅದಕ್ಕೆ ಈ ಗತಿ ತಂದವನು ನಾನೇ.

ಕಾಲೇಜಿನ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ವಕೀಲನ ಪಾತ್ರ ಬಂದಿತ್ತು. ಕೋಟಿನ ಮೇಲೆ ಯಾವುದೋ ಮದುವೆಯ ಸಾರಿನ ಕಲೆ. ಡ್ರೈ ಕ್ಲೀನಿಂಗಿಗೆ ಕೊಡೆಂದು ತಂದೆಯವರು ಹಣ ಕೊಟ್ಟರು. ಹಣ ಉಳಿಸುವ ಜಾಣತನದಿಂದ ನಾನು ಅದನ್ನು ಕುದಿನೀರಿನಲ್ಲಿ ನೆನೆಹಾಕಿ, ಬಟ್ಟೆ ಸಾಬೂನು ತಿಕ್ಕಿ, ಕಲ್ಲಿನ ಮೇಲೆ ಎತ್ತೆತ್ತಿ ಒಗೆದೆ. ಒಣಗಿದ ಕೋಟನ್ನು ಕಂಡು ತಂದೆಯವರು ಬೈಯಲಿಲ್ಲ. ಒಂದು ತೋಳನ್ನು ಎಳೆದು ನೋಡಿ, ಮಡಿಸಿ, ಟ್ರಂಕಿಗೆ ಸೇರಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಉಣ್ಣೆಗೆ ನೀರು ಸೋಕಿಸಬಾರದಿತ್ತು ಕಣೋ" ಎಂದಳು ಅಜ್ಜಿ.

ಹಾಗಾದರೆ ಮಲೆನಾಡಿನ ರೈತ ಮಳೆಗಾಲವೆಲ್ಲ ಹೊದೆಯುವ ಕಂಬಳಿಕೊಪ್ಪೆ ಉಣ್ಣೆಯದಲ್ಲವೇ? ಈ ಸಂದೇಹದಿಂದ, ಕಲಾವಿಭಾಗದವನಾದ ನಾನು ರಸಾಯನಶಾಸ್ತ್ರದ ಪುಸ್ತಕ ತೆರೆಯುವಂತಾಯಿತು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆಯಂತೆ. ಒದ್ದೆಯಾಗಿದ್ದಾಗ ಬಿಸಿ, ಸಾಬೂನಿನ ಕ್ಷಾರ, ಕುಕ್ಕಾಟ ಇವೆಲ್ಲ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ತಪ್ಪು ನೀರಿನದಲ್ಲ, ನನ್ನ ಕೈಯದು.

ಇನ್ನು ಡ್ರೈ ಕ್ಲೀನಿಂಗ್ ಎಂಬುದರ ಹೆಸರು ಮಾತ್ರ ಒಣಗಿದ್ದು. ಅಲ್ಲಿಯೂ ಬಟ್ಟೆ ದ್ರವದಲ್ಲಿಯೇ ಮುಳುಗುತ್ತದೆ. ಆ ದ್ರವ ನೀರಲ್ಲ, ಅಷ್ಟೆ. 1930ರ ದಶಕದಿಂದೀಚೆಗೆ ಲೋಕದಲ್ಲಿ ಹೆಚ್ಚು ಹಬ್ಬಿದ್ದು ಪರ್‌ಕ್ಲೋರೋಎಥಿಲೀನ್. ಜಿಡ್ಡನ್ನು ಚೆನ್ನಾಗಿ ಕರಗಿಸುತ್ತದೆ, ನಿಜ. ಆದರೆ ಅದರ ಆವಿ ಕುಡಿದವರಿಗೆ ತಲೆನೋವು, ತಲೆಸುತ್ತು. ಚೆಲ್ಲಿದರೆ ಅಂತರ್ಜಲಕ್ಕೂ ಇಳಿಯುತ್ತದೆ. ಅದು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ವರ್ಗೀಕರಿಸಿತು. ಕ್ಯಾಲಿಫೋರ್ನಿಯಾ 2007ರಲ್ಲಿ ನಿಯಮ ಮಾಡಿ, 2023ರ ವೇಳೆಗೆ ಡ್ರೈ ಕ್ಲೀನಿಂಗಿನಲ್ಲಿ ಅದರ ಬಳಕೆಯನ್ನು ಕೊನೆಗಾಣಿಸಿತು. ನಮ್ಮ ಕೋಟು ಹೊಳೆಯುವುದಕ್ಕಾಗಿ ಅಂಗಡಿಯ ಹಿಂದಿನ ಕತ್ತಲೆಕೋಣೆಯಲ್ಲಿ ಯಾರೋ ಒಬ್ಬನು ದಿನವೆಲ್ಲ ಆ ಗಾಳಿಯನ್ನು ಉಸಿರಾಡಬೇಕೆ?

ಬೇಡವೆಂಬ ಉತ್ತರ 1991ರಲ್ಲಿ ಜರ್ಮನಿಯಿಂದ ಬಂತು. ಅದರ ಹೆಸರು ವೆಟ್ ಕ್ಲೀನಿಂಗ್. ಯಂತ್ರದ ಡೋಲು ತೊಟ್ಟಿಲಿನಂತೆ ಮೆಲ್ಲನೆ ತೂಗುತ್ತದೆ. ನೀರಿನ ಬಿಸಿ, ತಿರುಗುವ ವೇಗ ಎಲ್ಲವನ್ನೂ ಗಣಕ ಅಳೆಯುತ್ತದೆ. ಮಾರ್ಜಕ ಮೃದುವಾದದ್ದು. ಒಣಗಿಸುವ ಯಂತ್ರ ತೇವವನ್ನು ಗಮನಿಸಿ, ಬಟ್ಟೆ ಅತಿಯಾಗಿ ಒಣಗುವ ಮೊದಲೇ ನಿಲ್ಲುತ್ತದೆ. ಕೊನೆಗೆ ಕೋಟನ್ನು ಆಕಾರದ ಮೇಲೆ ಬಿಗಿದು, ಹಬೆ ಹಾಯಿಸಿ ಇಸ್ತ್ರಿ ಮಾಡುತ್ತಾರೆ. ಬೆವರು, ಸಕ್ಕರೆ, ಉಪ್ಪಿನ ಕಲೆಗಳಿಗಂತೂ ನೀರೇ ಮದ್ದು. ಎಲ್ಲ ಬಟ್ಟೆಗೂ ಇದು ಒಗ್ಗುವುದಿಲ್ಲ, ಕೆಲಸಗಾರನಿಗೆ ಪಳಗಿದ ಕೈ ಬೇಕು. ಬಟ್ಟೆಯ ಪಟ್ಟಿಯಲ್ಲಿ ವೃತ್ತದೊಳಗೆ ಡಬ್ಲ್ಯು ಅಕ್ಷರವಿದ್ದರೆ ಈ ವಿಧಾನ ಸಲ್ಲುತ್ತದೆಂದು ಅರ್ಥ.

ಇದನ್ನೆಲ್ಲ ಅಜ್ಜಿಗೆ ವಿವರಿಸಿದೆ. ಅವಳು ನಕ್ಕಳು. "ನನ್ನ ರೇಷ್ಮೆ ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ ನೆರಳಿಗೆ ಹರವುತ್ತೇನಲ್ಲ, ಅದೇನು ಮತ್ತೆ?" ಎಂದಳು. ನಾನು ಪುಸ್ತಕ ಮುಚ್ಚಿದೆ.

ಕಳೆದ ತಿಂಗಳು ತಂದೆಯವರ ಉಣ್ಣೆಯ ಮಫ್ಲರನ್ನು ತಣ್ಣೀರಿನಲ್ಲಿ, ಅಜ್ಜಿಯ ಕ್ರಮದಲ್ಲಿ, ಮೆಲ್ಲಗೆ ಅದುಮಿ ತೊಳೆದೆ. ಒಂದಂಗುಲವೂ ಕುಗ್ಗಲಿಲ್ಲ. ತಂದೆಯವರು ಅದನ್ನು ಕೊರಳಿಗೆ ಸುತ್ತಿಕೊಂಡು, ಈ ಸಲವೂ ಏನೂ ಅನ್ನದೆ, ಸಂಜೆಯ ತಿರುಗಾಟಕ್ಕೆ ಹೊರಟರು. ನಾಟಕದ ವಕೀಲನಾಗಿ ನಾನು ಗೆದ್ದ ಮೊಕದ್ದಮೆ ನೆನಪಿಲ್ಲ. ನೀರಿನ ಪರವಾಗಿ ವಾದಿಸಿದ ಈ ಮೊಕದ್ದಮೆ ಮಾತ್ರ ಗೆದ್ದೆನೆಂದು ಭಾವಿಸಿದ್ದೇನೆ.