ಪದ ಬಿಡಿಸಿದ ತಪ್ಪು

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನು ನಾನು. ಎದುರಾದ ಪದವನ್ನೆಲ್ಲ ಬಿಡಿಸಿ ಅರ್ಥ ಹೇಳುವ ಚಟ ಅರವತ್ತು ದಾಟಿದರೂ ಹೋಗಿಲ್ಲ. ಕಳೆದ ವರ್ಷ ಮಗಳು ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ತವರಿಗೆ ಬಂದಾಗ ರಕ್ತದೊತ್ತಡಕ್ಕೆ ನಿಫೆಡಿಪಿನ್ ಮಾತ್ರೆ ನುಂಗುತ್ತಿದ್ದಳು. ಅದು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ವರ್ಗದ್ದೆಂದು ತಿಳಿಯಿತು. ಕ್ಯಾಲ್ಸಿಯಂ ಹರಿಯುವ ಕಾಲುವೆಗೆ ಒಡ್ಡು ಕಟ್ಟುವಂಥದು! ಹಾಲುಹಲ್ಲುಗಳು ಗರ್ಭದಲ್ಲಿಯೇ ರೂಪುಗೊಳ್ಳತೊಡಗುತ್ತವೆಂಬುದು ಗೊತ್ತಿತ್ತು. “ಕೂಸಿನ ಹಲ್ಲು ಕೆಟ್ಟಾವು, ಬಿಡವ್ವಾ” ಎಂದೆ. ನನ್ನ ಮಾತು ಮೀರದ ಮಗಳು ಎರಡು ದಿನ ಬಿಟ್ಟಳು. ಮೂರನೆಯ ದಿನ ತಲೆನೋವು, ಕಣ್ಣಿಗೆ ಮಂಜು. ಒತ್ತಡ 170ಕ್ಕೆ ಏರಿತ್ತು.

“ಹಲ್ಲು ಆಮ್ಯಾಲೆ ನೋಡೂಣ್ರೀ, ಮೊದಲ ತಾಯಿ-ಕೂಸು ಉಳೀಬೇಕಲ್ರೀ” ಎಂದರು ವೈದ್ಯೆ. ತಲೆ ತಗ್ಗಿಸಿದೆ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದೆಲ್ಲ ಅಲ್ಲ, ತಾವರೆ ಮಾತ್ರ ಎಂದು ಎಷ್ಟೋ ಹುಡುಗರಿಗೆ ಕಲಿಸಿದವನು ನಾನೇ!

ಆ ಮಾತ್ರೆ ರಕ್ತದ ಕ್ಯಾಲ್ಸಿಯಂ ಅನ್ನು ಕಡಿಮೆ ಮಾಡುವುದಿಲ್ಲ. ರಕ್ತನಾಳದ ಸ್ನಾಯುಕೋಶಗಳಲ್ಲಿರುವ ‘ಎಲ್’ ಬಗೆಯ ಬಾಗಿಲುಗಳನ್ನು ಮುಖ್ಯವಾಗಿ ತಡೆಯುತ್ತದೆ. ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಹಲ್ಲಿನ ಹೊರಕವಚವಾದ ಎನಾಮೆಲ್ ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜ. ಅದನ್ನು ಕಟ್ಟುವ ಅಮೆಲೊಬ್ಲಾಸ್ಟ್ ಕೋಶಗಳು ಕ್ಯಾಲ್ಸಿಯಂ ಪಡೆಯುವ ಮುಖ್ಯ ದ್ವಾರವೇ ಬೇರೆ, ‘ಒರೈ’ ಎಂದು ಹೆಸರು. ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ ಬರಿದಾದಾಗ ತೆರೆಯುತ್ತದೆ. ಗ್ರೀಕರ ಸ್ವರ್ಗದ್ವಾರ ಕಾಯುವವರ ಹೆಸರಂತೆ ಅದು. ನಮ್ಮ ಗುಡಿಗಳ ದ್ವಾರಪಾಲಕರು ನೆನಪಾದರು. ಈ ದ್ವಾರದ ಜೀನು ಹುಟ್ಟಿನಿಂದಲೇ ಕೆಟ್ಟ ಮಕ್ಕಳಲ್ಲಿ ಎನಾಮೆಲ್ ಬಲವಾಗಿ ಗಟ್ಟಿಗೊಳ್ಳುವುದಿಲ್ಲ.

ಒಳಪದರವಾದ ಡೆಂಟಿನ್ನಿನ ಮಾತು ಇಷ್ಟು ಸರಳವಲ್ಲ. ಅದನ್ನು ಕಟ್ಟುವ ಒಡೊಂಟೊಬ್ಲಾಸ್ಟ್ ಕೋಶಗಳಲ್ಲಿ ‘ಎಲ್’ ಬಗೆಯ ಬಾಗಿಲುಗಳೂ ಇವೆ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಸಂಶೋಧಕರಿಗೆ ಅದೇ ಅನುಕೂಲ. ಅಲ್ಲಿ ನಿಫೆಡಿಪಿನ್ ಈ ಕೋಶಗಳ ಕ್ಯಾಲ್ಸಿಯಂ ಸಾಗಣೆಯನ್ನು ಕುಗ್ಗಿಸಿದ್ದುಂಟು. ಹಾಗಾದರೆ ನನ್ನ ಅಂಜಿಕೆ ಪೂರ್ತಿ ಪೊಳ್ಳಲ್ಲವೆಂದು ಒಂದು ಗಳಿಗೆ ಒಳಗೊಳಗೇ ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ. ಇಲಿಯ ಹಲ್ಲನ್ನು ನೆಚ್ಚಿ ಮಗಳ ಪ್ರಾಣವನ್ನು ಪಣಕ್ಕಿಡಲು ನಾನಾರು?

ಈ ಮಾತ್ರೆಗಳಿಂದ ಕೆಲವರಿಗೆ ವಸಡು ದಪ್ಪವಾಗುವುದುಂಟು. ನಿಫೆಡಿಪಿನ್ ಕುರಿತು ಇದು 1984ರಲ್ಲೇ ವರದಿಯಾಗಿತ್ತು. ಕಂಡುಬಂದರೆ ವೈದ್ಯರಿಗೆ ಹೇಳಬೇಕು. ನನ್ನಂತೆ ಮನೆಯಲ್ಲೇ ತೀರ್ಪು ಕೊಡಬಾರದು.

ಮಗಳು ಅಂದಿನ ಸಂಗತಿಯನ್ನು ಇದುವರೆಗೂ ಎತ್ತಿಲ್ಲ. ಮೊಮ್ಮಗನಿಗೆ ಈಗ ಕೆಳಗಡೆ ಎರಡು ಹಲ್ಲು ಬಂದಿವೆ. ಪೂಜೆ ಮುಗಿಸಿ ಎತ್ತಿಕೊಂಡರೆ ನನ್ನ ಬೆರಳನ್ನೇ ಕಚ್ಚುತ್ತಾನೆ.