ಹೊಕ್ಕುಳಿಲ್ಲದವರು

ನಮಗೀಗ ಹೊಕ್ಕುಳಿಲ್ಲ. ಇದ್ದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಗೆರೆಯಿದೆ, ಅಷ್ಟೆ.

2024ರ ಬೇಸಗೆಯಲ್ಲಿ ಮೂತ್ರದಲ್ಲಿ ರಕ್ತ ಕಂಡಿತು. (ವಾಚಕರು ಮೂಗು ಮುರಿಯಬಾರದು, ನಾವೂ ಹಾಗೆ ಮುರಿದೇ ಕೆಟ್ಟೆವು.) ನೋವಿರಲಿಲ್ಲ. ಒಂದು ದಿನ ಕಂಡರೆ ಹತ್ತು ದಿನ ಕಾಣುತ್ತಿರಲಿಲ್ಲ. ಹೇಳಲು ನಾಚಿಕೆಯಾಗಿ, ಮನೆಯಲ್ಲಿ "ಉಷ್ಣವಾಗಿದೆ" ಎಂದಷ್ಟೇ ಅಂದೆವು. ನಮ್ಮಾಕೆ ಜೀರಿಗೆ ಕಷಾಯ ಕೊಟ್ಟಳು, ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು. ಎರಡು ತಿಂಗಳು ಇದೇ ಉಪಚಾರ. ಕೊನೆಗೆ ಬಚ್ಚಲಲ್ಲಿ ಆಕೆಯೇ ರಕ್ತ ಕಂಡಳು. ಬೈಯಲಿಲ್ಲ, ರಿಕ್ಷಾ ಕರೆದಳು.

ಗರ್ಭದಲ್ಲಿರುವ ಮಗುವಿನ ಹೊಕ್ಕುಳಿಗೂ ಮೂತ್ರಕೋಶಕ್ಕೂ ನಡುವೆ ಒಂದು ನಾಳವಿರುತ್ತದೆ, ಯುರೇಕಸ್ ಎಂದು ಅದರ ಹೆಸರು. ಮುಂದೆ ಅದು ಮುಚ್ಚಿ ಬರಿಯ ದಾರವಾಗುತ್ತದೆ. ಆ ದಾರದಲ್ಲಿ ಹುಟ್ಟುವ ಕ್ಯಾನ್ಸರು ಬಲು ಅಪರೂಪ. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಜನ್ಮದಲ್ಲಿ ಒಂದು ಲಾಟರಿಯೂ ಹೊಡೆಯದ ನಮಗೆ ಇದು ಹೊಡೆಯಿತು. ಮೂತ್ರಕೋಶದ ನೆತ್ತಿಯ ಭಾಗ, ಆ ದಾರ, ಹೊಕ್ಕುಳು, ಮೂರನ್ನೂ ಒಟ್ಟಿಗೇ ತೆಗೆದರು. ಮನೆಗೆ ಬಂದ ರಾತ್ರಿ ನಮ್ಮಾಕೆ ಎಣ್ಣೆಯ ಶೀಶೆ ಹಿಡಿದು ನಿಂತಳು. "ಇನ್ನು ಎಲ್ಲಿಗೆ ಹಚ್ಚಲಿ?" ಎಂದು ನಗಲು ಹೋಗಿ ಅತ್ತಳು.

ಎರಡು ವಾರಕ್ಕೆ ಕೊಳವೆ, ಚೀಲ ತೆಗೆದ ಮೇಲೆ ನಿಜವಾದ ಕಷ್ಟ. ಉಳಿದ ಮೂತ್ರಕೋಶ ಚಿಕ್ಕದು, ಅರ್ಧ ಗಂಟೆಗೊಮ್ಮೆ ಕರೆಯುತ್ತಿತ್ತು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲವೆಂಬುದು 30 ವರ್ಷ ಓಡಾಡಿದ ನಮಗೆ ಆಗ ಹೊಳೆಯಿತು. ಮಾಟುಂಗದಲ್ಲಿ ಸಂಘದ ಕಾರ್ಯಕ್ರಮವೆಂದು ಡೊಂಬಿವಲಿಯಿಂದ ಹೊರಟು, ಥಾಣೆಯಲ್ಲಿ ಇಳಿದು, ಕುರ್ಲಾದಲ್ಲಿ ಇಳಿದು, ಸಭೆ ಸೇರುವಾಗ ವಂದನಾರ್ಪಣೆ ನಡೆದಿತ್ತು. ಈಗ ಒಂದೂವರೆ ಗಂಟೆ ತಡೆಯುತ್ತದೆ. ಮೂತ್ರಕೋಶ ಮೆಲ್ಲಗೆ ಹಿಗ್ಗುತ್ತದೆಂದು ಡಾಕ್ಟರರು ಅಂದದ್ದು ಸುಳ್ಳಾಗಲಿಲ್ಲ. ಕೆಲವು ತಿಂಗಳಿಗೊಮ್ಮೆ ಸಿ.ಟಿ. ಸ್ಕ್ಯಾನು, ಅದರ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಆ ದಿನ "ಯಾಕೆ ತಡ?" ಎಂದು ಕೇಳಿದವರಿಗೆ ನಾವು ಉಪಾಹಾರದ ಸಾಲಿನಲ್ಲಿಯೇ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆವು. ಒಂದಿಬ್ಬರು ತಟ್ಟೆಯತ್ತ ನೋಡಿದರು. ಹೊರಡುವಾಗ ಹಿರಿಯರೊಬ್ಬರು ಮೆಟ್ಟಿಲ ಬಳಿ ನಮ್ಮ ತೋಳು ಹಿಡಿದು, "ನನಗೂ ಒಂದು ತಿಂಗಳಿಂದ ಆಗೀಗ ಕೆಂಪಗೆ ಹೋಗುತ್ತದೆ ಮಾರಾಯರೇ. ಉಷ್ಣ ಇರಬಹುದಲ್ಲ?" ಎಂದರು.

ಮರುದಿನವೇ ಅವರನ್ನು ಕರೆದುಕೊಂಡು ನಮ್ಮ ಡಾಕ್ಟರರಲ್ಲಿಗೆ ಹೋದೆವು. ದಾರಿಯಲ್ಲಿ ಎರಡು ಕಡೆ ಇಳಿದೆವು, ಇಬ್ಬರೂ. ಅವರ ವರದಿ ಇನ್ನೂ ಬರಬೇಕಾಗಿದೆ.